ಕೌಂಟಿ ಬೆಳೀತಿದೆ ಅಂತಾರೆ, ಬೆಳೀತಿರೋದು ಜನಾನಾ ಕೆಲ್ಸಾನಾ? ಕಾಲಿನ್ ಕೌಂಟಿ ಇಟ್ಕೊಂಡು ಚೆಕ್ ಮಾಡೋದು ಹೇಗೆ

ಟೆಕ್ಸಸ್‌ನ ಡಲ್ಲಾಸ್‌ಗೆ ಉತ್ತರಕ್ಕಿರೋ ಕಾಲಿನ್ ಕೌಂಟಿಗೆ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ), ಅಂದ್ರೆ ಪ್ಲೇನೋ, ಫ್ರಿಸ್ಕೋ, ಅಲೆನ್, ಮೆಕಿನ್ನಿ ಕಡೆಗೆ ಶಿಫ್ಟ್ ಆಗೋದಾ ಬೇಡ್ವಾ ಅಂತ ಕೇಳೋ ನಮ್ಮೋರು ಈಗ ಜಾಸ್ತಿ ಆಗಿದಾರೆ, ನ್ಯೂಜೆರ್ಸಿ, ಬೇ ಏರಿಯಾ ಇಂದ ಬರೋರು ಒಂದು ಕಡೆ, ಬೆಂಗಳೂರಲ್ಲೇ ಕೂತು ಟ್ರಾನ್ಸ್‌ಫರ್ ಆಫರ್ ಬಂದಿದೆ ಅನ್ನೋರು ಇನ್ನೊಂದು ಕಡೆ. ಉತ್ತರ ಕೊಡೋರಲ್ಲಿ ರಿಯಲ್ಟರ್‌ಗಳು ಕಣ್ಣು ಮುಚ್ಕೊಂಡು ಬನ್ನಿ ಅಂತಾರೆ, ಕೆಲ್ಸ ಕಳ್ಕೊಂಡು ಬೇಜಾರಲ್ಲಿರೋರು ಬರಲೇಬೇಡಿ ಅಂತಾರೆ. ಇಬ್ರ ಮಾತೂ ಪಕ್ಕಕ್ಕಿಟ್ಟು ಲೆಕ್ಕ ನಾವೇ ನೋಡ್ಕೋಬಹುದು, ಎಲ್ಲಾ ಸರ್ಕಾರದ ಡೇಟಾ, ಎಲ್ಲಾ ಪುಕ್ಸಟ್ಟೆ, ಎಕ್ಸೆಲ್‌ನಲ್ಲಿ ಫಿಲ್ಟರ್ ಹಾಕೋಕೆ ಬಂದ್ರೆ ಸಾಕು. ಬೇರೆ ಯಾವ್ದೇ ಕೌಂಟಿಗೂ ಇದೇ ದಾರಿ ನಡಿಯತ್ತೆ, ನನಗೆ ಚೆನ್ನಾಗಿ ಗೊತ್ತಿರೋದು ಕಾಲಿನ್ ಆದ್ರಿಂದ ಅದನ್ನೇ ಉದಾಹರಣೆ ಮಾಡ್ಕೊಂಡಿದೀನಿ.

ಒಂದು ವಿಷಯ ಮೊದ್ಲೇ ತಲೇಲಿ ಇಟ್ಕೊಳಿ. ಊರು ಬೆಳೀತಿದೆ ಅನ್ನೋದ್ರಲ್ಲಿ ಎರಡು ಬೇರೆ ಬೇರೆ ಸಂಗತಿ ಸೇರ್ಕೊಂಡಿವೆ. ರಾತ್ರಿ ಬಂದು ಮಲಗೋ ಜನ ಜಾಸ್ತಿ ಆಗ್ತಿದಾರಾ, ಬೆಳಗ್ಗೆ ಬಂದು ದುಡಿಯೋ ಜಾಗ ಜಾಸ್ತಿ ಆಗ್ತಿದೆಯಾ? ಕಾಲಿನ್‌ನಲ್ಲಿ ಎರಡೂ ಆಗ್ತಿದೆ, ಆದ್ರೆ ಒಂದೇ ಜಾಗದಲ್ಲಿ ಆಗ್ತಿಲ್ಲ, ಒಂದೇ ಸ್ಪೀಡಲ್ಲೂ ಆಗ್ತಿಲ್ಲ, ಮನೆ ತಗೊಳೋರು ಎಡವೋದು ಇಲ್ಲೇ.

ಜನದ ಲೆಕ್ಕ ಸುಲಭ. 2010ರ ಸೆನ್ಸಸ್‌ನಲ್ಲಿ ಕೌಂಟಿ ಜನಸಂಖ್ಯೆ 7,82,341, 2020ರಲ್ಲಿ 10,64,465, ಈಗ 12 ಲಕ್ಷ ದಾಟಿದೆ. ಆದ್ರೆ ಕೌಂಟಿ ಟೋಟಲ್ ನೋಡಿ ಸುಮ್ನಾಗಬೇಡಿ, ಊರೂರಿಗೂ ಇಳಿದು ನೋಡಿ. ಪ್ಲೇನೋದಲ್ಲಿ 1970ರಲ್ಲಿ ಇದ್ದಿದ್ದು 17,872 ಜನ, 1980ಕ್ಕೆ 72,331, 2000ಕ್ಕೆ 2,22,030, 2020ಕ್ಕೆ 2,85,494. ಅಂದ್ರೆ ಓಟ ಎಲ್ಲಾ ಮುಗಿದು ಈಗ ನಡಿಗೆ. ಫ್ರಿಸ್ಕೋ 2000ದಲ್ಲಿ 33,714 ಇದ್ದಿದ್ದು 2020ಕ್ಕೆ 2,00,509. ಅಲೆ ಈಗ ಅದನ್ನೂ ದಾಟಿ ಸೆಲೈನಾ, ಪ್ರಾಸ್ಪರ್, ಪ್ರಿನ್ಸ್‌ಟನ್, ಆನಾ, ಮೆಲಿಸಾ ಕಡೆ ಹೋಗಿದೆ. 2023ರ ಅಂದಾಜಿನಲ್ಲಿ ಅಮೆರಿಕದಲ್ಲೇ ಅತಿ ವೇಗವಾಗಿ ಬೆಳೆದ ಊರು ಸೆಲೈನಾ, ಮುಂದಿನ ವರ್ಷ ಪ್ರಿನ್ಸ್‌ಟನ್, ಎರಡೂ ಇದೇ ಕೌಂಟಿ. ಪ್ರಿನ್ಸ್‌ಟನ್ 2020ರಲ್ಲಿ 17 ಸಾವಿರ, 2024ಕ್ಕೆ 37 ಸಾವಿರ!

ಇಲ್ಲಿ ಒಂದು ಸಣ್ಣ ತೊಡಕಿದೆ, ಫ್ರಿಸ್ಕೋ ಎರಡು ಕೌಂಟೀಲಿ ಹಂಚ್ಕೊಂಡಿದೆ, ಪಶ್ಚಿಮದ ಭಾಗ ಡೆಂಟನ್ ಕೌಂಟಿ. ರಿಚರ್ಡ್ಸನ್ ಕೂಡ ಹಾಗೇ, ದಕ್ಷಿಣದ ಭಾಗ ಡಲ್ಲಾಸ್ ಕೌಂಟಿ. ಹಾಗಾಗಿ ಊರಿನ ನಂಬರ್ ಎಲ್ಲಾ ಕೂಡಿಸಿ ಕೌಂಟಿಗೆ ತಾಳೆ ನೋಡೋಕೆ ಹೋದ್ರೆ ಹೊಂದಲ್ಲ. ಕೌಂಟಿಗೆ ಒಂದು ಕೋಡ್ ಇರತ್ತೆ, ಕಾಲಿನ್‌ದು 48085, ಡೆಂಟನ್ 48121, ಡಲ್ಲಾಸ್ 48113. ಇದನ್ನ ಬರೆದಿಟ್ಕೊಳಿ, ಮುಂದೆ ಎಲ್ಲಾ ಫೈಲಲ್ಲೂ ಇದೇ ಬೇಕಾಗತ್ತೆ.

ಈಗ ಕೆಲ್ಸದ ಲೆಕ್ಕ, ಇದೇ ಮುಖ್ಯ. ಅಮೆರಿಕದ ಲೇಬರ್ ಡಿಪಾರ್ಟ್‌ಮೆಂಟ್ ಕೆಳಗೆ ಬರೋ ಬಿಎಲ್‌ಎಸ್ ಎರಡು ಬೇರೆ ಪಟ್ಟಿ ಕೊಡತ್ತೆ, ಜನ ಎರಡನ್ನೂ ಕಲಸಿಬಿಡ್ತಾರೆ. ಒಂದು ನಿರುದ್ಯೋಗ ದರ ಬರೋ ಪಟ್ಟಿ, ಹೆಸರು ಎಲ್‌ಎಯುಎಸ್, ಇದು ನೀವು ಎಲ್ಲಿ ವಾಸ ಮಾಡ್ತೀರೋ ಆ ಲೆಕ್ಕ. ನೀವು ಪ್ರಿನ್ಸ್‌ಟನ್‌ನಲ್ಲಿ ಮನೆ ಮಾಡ್ಕೊಂಡು ಡಲ್ಲಾಸ್ ಡೌನ್‌ಟೌನ್‌ಗೆ ಹೋಗಿ ಬಂದ್ರೂ ನಿಮ್ಮನ್ನ ಕಾಲಿನ್ ಅಂತಾನೇ ಎಣಿಸ್ತಾರೆ. ಇನ್ನೊಂದು ಕ್ಯೂಸಿಇಡಬ್ಲ್ಯೂ ಅನ್ನೋ ಪಟ್ಟಿ, ಇದು ಕಂಪನಿ ಎಲ್ಲಿದೆಯೋ ಆ ಲೆಕ್ಕ, ನಿರುದ್ಯೋಗ ವಿಮೆಗೆ ಕಂಪನಿಗಳು ಪ್ರತಿ ಕ್ವಾರ್ಟರ್ ಕೊಡೋ ರಿಪೋರ್ಟ್‌ನಿಂದ ಮಾಡಿರೋದು, ಆದ್ರಿಂದ ಸ್ಯಾಂಪಲ್ ಅಲ್ಲ, ಹೆಚ್ಚುಕಮ್ಮಿ ಪೂರ್ತಿ ಎಣಿಕೆ. ಸ್ವಂತ ಬಿಸಿನೆಸ್ ಮಾಡೋರು, ಊಬರ್ ಓಡಿಸೋರು ಇದ್ರಲ್ಲಿ ಬರಲ್ಲ, ಮತ್ತೆ ಐದಾರು ತಿಂಗಳು ಹಿಂದೆ ಇರತ್ತೆ, ಅಷ್ಟು ಬಿಟ್ರೆ ಕೌಂಟಿ ಮಟ್ಟದಲ್ಲಿ ಇದಕ್ಕಿಂತ ನಂಬಿಕಸ್ತ ಡೇಟಾ ಇಲ್ಲ.

ನಿರುದ್ಯೋಗ ದರ ನೋಡೋವಾಗ ಜನವರಿಗೆ ಹಿಂದಿನ ಜನವರಿ ಜೊತೆ ಹೋಲಿಸಿ, ಡಿಸೆಂಬರ್ ಜೊತೆ ಅಲ್ಲ. ಕೌಂಟಿ ನಂಬರಲ್ಲಿ ಸೀಸನ್ ಏರಿಳಿತ ತೆಗೆದಿರಲ್ಲ, ಹಬ್ಬದ ಸೇಲ್‌ಗೆ ತಗೊಂಡಿದ್ದ ಜನಾನ ಜನವರೀಲಿ ಮನೆಗೆ ಕಳಿಸಿದ್ರೆ ದರ ಏರತ್ತೆ, ಅದನ್ನ ನೋಡಿ ವಾಟ್ಸಾಪಲ್ಲಿ ರಿಸೆಷನ್ ಬಂತು ಅಂತ ಹಾಕೋರಿಗೇನು ಕಮ್ಮಿ ಇಲ್ಲ. ಇನ್ನೊಂದು ಮಾತು, ಎಚ್‌1ಬಿ ವೀಸಾ ಮೇಲಿದ್ದೋರು ಕೆಲ್ಸ ಹೋಗಿ 60 ದಿನದ ಗ್ರೇಸ್ ಪೀರಿಯಡ್ ಮುಗಿದು ಊರಿಗೆ ವಾಪಸ್ ಹೋದ್ರೆ ಅವ್ರು ನಿರುದ್ಯೋಗಿಗಳ ಲೆಕ್ಕದಲ್ಲೂ ಇರಲ್ಲ, ದುಡಿಯೋರ ಲೆಕ್ಕದಲ್ಲೂ ಇರಲ್ಲ, ಲೆಕ್ಕದಿಂದಾನೇ ಹೊರಗೆ. ನಮ್ಮೋರು ತುಂಬಿರೋ ಕೌಂಟೀಲಿ ಇದು ಸಣ್ಣ ವಿಷಯ ಅಲ್ಲ, ಅದಕ್ಕೇ ದರ ಒಂದನ್ನೇ ನೋಡಬೇಡಿ, ಲೇಬರ್ ಫೋರ್ಸ್ ಟೋಟಲ್ ಕೂಡ ಪಕ್ಕದ ಕಾಲಮ್‌ನಲ್ಲೇ ಇರತ್ತೆ, ಅದು ನಿಂತಿದೆಯಾ ಇಳಿದಿದೆಯಾ ನೋಡಿ.

ಇವೆರಡನ್ನೂ ಒಂದೇ ಚಿತ್ರದಲ್ಲಿ ನೋಡೋಕೆ ಸೆನ್ಸಸ್ ಬ್ಯೂರೋದ ಆನ್‌ದಮ್ಯಾಪ್ ಅಂತ ಒಂದು ಟೂಲ್ ಇದೆ, ನನ್ನ ಪ್ರಕಾರ ಮನೆ ತಗೊಳೋಕೆ ಮುಂಚೆ ಪ್ರತಿಯೊಬ್ರೂ ನೋಡ್ಬೇಕಾದ್ದು ಇದೇ. ಓಪನ್ ಮಾಡಿ, ಸರ್ಚ್‌ನಲ್ಲಿ ಊರಿನ ಹೆಸರು ಹಾಕಿ, ಆ ಏರಿಯಾ ಮೇಲೆ ಅನಾಲಿಸಿಸ್ ಮಾಡು ಅಂತ ಕ್ಲಿಕ್ ಮಾಡಿ, ಬರೋ ಬಾಕ್ಸ್‌ನಲ್ಲಿ ಇನ್‌ಫ್ಲೋ ಔಟ್‌ಫ್ಲೋ ಆರಿಸ್ಕೊಳಿ. ಮ್ಯಾಪ್ ಮೇಲೆ ಎರಡು ವೃತ್ತ ಒಂದರ ಮೇಲೊಂದು ಅರ್ಧ ಕೂತಂಗೆ ಬರತ್ತೆ, ಒಳಗೆ ಬರೋ ಬಾಣ ಒಂದು, ಹೊರಗೆ ಹೋಗೋ ಬಾಣ ಒಂದು, ಮಧ್ಯದಲ್ಲಿ ಅಲ್ಲೇ ಇದ್ದು ಅಲ್ಲೇ ದುಡಿಯೋರು. ಪ್ಲೇನೋಗೆ ಹಾಕಿ ನೋಡಿ, ಒಳಗೆ ಬರೋ ಬಾಣ ದಪ್ಪ. ಪ್ರಿನ್ಸ್‌ಟನ್‌ಗೆ ಹಾಕಿ, ಹೊರಗೆ ಹೋಗೋ ಬಾಣ ದಪ್ಪ, ಮಧ್ಯದಲ್ಲಿ ಜನಾನೇ ಇಲ್ಲ ಅನ್ನೋ ಹಾಗಿರತ್ತೆ. ಒಂದೇ ಕೌಂಟಿ, ನಡುವೆ ಬರೀ ಇಪ್ಪತ್ತು ಚಿಲ್ಲರೆ ಮೈಲಿ, ಎರಡು ಬೇರೆ ಪ್ರಪಂಚ. ಬೆಳಗ್ಗೆ ಏಳೂವರೆಗೆ ಯುಎಸ್ 380 ರಸ್ತೇಲಿ ಪ್ರಿನ್ಸ್‌ಟನ್ ಕಡೆಯಿಂದ ಮೆಕಿನ್ನಿ ಕಡೆ ಬನ್ನಿ, ಹೊರಗೆ ಹೋಗೋ ಬಾಣ ಅಂದ್ರೇನು ಅಂತ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಅರ್ಥ ಆಗತ್ತೆ, ಆ ಕಡೆಯಿಂದ ಈ ಕಡೆಗೆ ಇರೋ ದೊಡ್ಡ ರಸ್ತೆ ಅದೊಂದೇ.

ಆದ್ರೆ ಈ ಟೂಲ್ ಡೇಟಾ ಎರಡು ವರ್ಷದಷ್ಟು ಹಳೇದಿರತ್ತೆ, ಮತ್ತೆ ಮನೆಯಿಂದ ಕೆಲ್ಸ ಮಾಡೋರನ್ನ ಕಂಪನಿ ಅಡ್ರೆಸ್‌ಗೆ ಹಾಕಿರತ್ತೆ. ಪ್ಲೇನೋ, ಫ್ರಿಸ್ಕೋದಲ್ಲಿ ವರ್ಕ್ ಫ್ರಮ್ ಹೋಮ್ ಮಾಡೋರ ಪಾಲು ದೇಶದ ಸರಾಸರಿಗಿಂತ ಜಾಸ್ತಿ, ಅದನ್ನ ಸೆನ್ಸಸ್ ಬ್ಯೂರೋ ಪ್ರತಿ ವರ್ಷ ಮಾಡೋ ಎಸಿಎಸ್ ಸರ್ವೇಲಿ ಕೆಲ್ಸಕ್ಕೆ ಹೋಗೋ ವಿಧಾನ ಅನ್ನೋ ಟೇಬಲ್‌ನಲ್ಲಿ ನೋಡಬಹುದು. 65 ಸಾವಿರಕ್ಕಿಂತ ದೊಡ್ಡ ಊರಿಗೆ ಒಂದು ವರ್ಷದ ಎಸಿಎಸ್ ಸಿಗತ್ತೆ, ಚಿಕ್ಕ ಊರಿಗೆ ಪೂರ್ತಿ ವಿವರ ಬೇಕಂದ್ರೆ ಐದು ವರ್ಷದ ಸರಾಸರಿನೇ ಗತಿ, ಸೆಲೈನಾ ಥರ ಐದು ವರ್ಷದಲ್ಲಿ ಪೂರ್ತಿ ಮುಖಾನೇ ಬದಲಾದ ಊರಿಗೆ ಆ ಸರಾಸರಿ ಹೆಚ್ಚು ಉಪಯೋಗ ಇಲ್ಲ.

ಮುಂದೆ, ಯಾವ ಥರ ಕೆಲ್ಸ. ಕ್ಯೂಸಿಇಡಬ್ಲ್ಯೂನಲ್ಲಿ ಸೆಕ್ಟರ್ ಕೋಡ್ ಪ್ರಕಾರ ಬಿಡಿಸಿ ನೋಡಿ. 54 ಅಂದ್ರೆ ಪ್ರೊಫೆಷನಲ್ ಮತ್ತು ಟೆಕ್ನಿಕಲ್ ಸರ್ವಿಸ್, ನಮ್ಮ ಐಟಿ ಕನ್ಸಲ್ಟಿಂಗ್ ಎಲ್ಲಾ ಇಲ್ಲಿ. 52 ಫೈನಾನ್ಸ್ ಮತ್ತು ಇನ್ಶೂರೆನ್ಸ್, ಪ್ಲೇನೋದಲ್ಲಿ ಜೆಪಿಮಾರ್ಗನ್ ಚೇಸ್, ಕ್ಯಾಪಿಟಲ್ ಒನ್, ಲಿಬರ್ಟಿ ಮ್ಯೂಚುವಲ್ ಕ್ಯಾಂಪಸ್‌ಗಳಿರೋದ್ರಿಂದ ಇದು ದಪ್ಪ ಸಾಲು. 55 ಅನ್ನೋದನ್ನ ಯಾರೂ ನೋಡಲ್ಲ, ಅದು ಹೆಡ್‌ಕ್ವಾರ್ಟರ್ಸ್ ಕೆಲ್ಸಗಳ ಕೋಡ್, ಈ ಕೌಂಟಿ ಕಥೆ ಅರ್ಧ ಅದ್ರಲ್ಲೇ ಇದೆ. ಪಕ್ಕದಲ್ಲಿ ಎಲ್‌ಕ್ಯೂ ಅಂತ ಒಂದು ನಂಬರ್ ಇರತ್ತೆ, 1 ಅಂದ್ರೆ ಆ ಸೆಕ್ಟರ್ ಪಾಲು ದೇಶದಷ್ಟೇ ಇದೆ ಅಂತ, 2 ಅಂದ್ರೆ ಡಬಲ್. ಒಂದಕ್ಕಿಂತ ತುಂಬಾ ಮೇಲಿರೋ ಸೆಕ್ಟರ್‌ಗಳೇ ಹೊರಗಿಂದ ದುಡ್ಡು ತರೋವು. ಉಳಿದಿದ್ದು, ಅಂದ್ರೆ ಮನೆ ಕಟ್ಟೋರು, ಡೇಕೇರ್, ಡೆಂಟಿಸ್ಟ್, ಇಂಡಿಯನ್ ಗ್ರೋಸರಿ, ಭರತನಾಟ್ಯ ಕ್ಲಾಸು, ದೋಸೆ ಹೋಟ್ಲು, ಇವೆಲ್ಲಾ ಜನ ಬಂದಿದ್ದಕ್ಕೆ ಹುಟ್ಟಿರೋ ಕೆಲ್ಸ. ಎರಡನೇ ಥರದ್ದು ಮೊದಲನೇದನ್ನ ನೋಡ್ಕೊಂಡು ಇರತ್ತೆ. ಕನ್ಸ್ಟ್ರಕ್ಷನ್ ಕೆಲ್ಸ ಮಾತ್ರ ಏರಿ 52, 54, 55 ನಿಂತಿದ್ರೆ ಆ ಬೆಳವಣಿಗೆ ಬಗ್ಗೆ ನಾನಂತೂ ಹುಷಾರಾಗ್ತೀನಿ. ಸೆನ್ಸಸ್‌ನೋರು ತಿಂಗಳು ತಿಂಗಳು ಬಿಲ್ಡಿಂಗ್ ಪರ್ಮಿಟ್ ಲೆಕ್ಕಾನೂ ಹಾಕ್ತಾರೆ, ಊರು ಪ್ರಕಾರ ಸಿಗತ್ತೆ, ಅದನ್ನೂ ಜೊತೇಲಿಟ್ಟು ನೋಡಿ.

ಹೆಡ್‌ಕ್ವಾರ್ಟರ್ಸ್ ಬರತ್ತೆ ಅನ್ನೋ ಸುದ್ದಿ ಓದೋದಕ್ಕೂ ಒಂದು ಕ್ರಮ ಇದೆ. ಟೊಯೋಟಾ 2014ರಲ್ಲಿ ಕ್ಯಾಲಿಫೋರ್ನಿಯಾದ ಟಾರೆನ್ಸ್‌ನಿಂದ ಪ್ಲೇನೋಗೆ ಬರ್ತೀವಿ ಅಂತ ಅನೌನ್ಸ್ ಮಾಡ್ತು, ಟೆಕ್ಸಸ್ ಸರ್ಕಾರ 4 ಕೋಟಿ ಡಾಲರ್ ಪ್ರೋತ್ಸಾಹ ಧನ ಕೊಡ್ತು, ಕ್ಯಾಂಪಸ್ ಓಪನ್ ಆಗಿದ್ದು 2017ರ ಜುಲೈನಲ್ಲಿ. ಪೇಪರಲ್ಲಿ ಬಂದಿದ್ದು ಸುಮಾರು 4,000 ಕೆಲ್ಸ ಅಂತ. ಅದ್ರಲ್ಲಿ ಬಹಳಷ್ಟು ಜನ ಕ್ಯಾಲಿಫೋರ್ನಿಯಾ, ಕೆಂಟಕಿಯಿಂದ ಹೆಂಡ್ತಿ ಮಕ್ಕಳ ಸಮೇತ ಬಂದೋರು. ಅಂದ್ರೆ ಅನೌನ್ಸ್‌ಮೆಂಟ್‌ಗೂ ಓಪನಿಂಗ್‌ಗೂ ಮೂರು ವರ್ಷ ಗ್ಯಾಪ್, ಮತ್ತೆ 4,000 ಕೆಲ್ಸ ಅಂದ್ರೆ ನಮಗೆ ನಿಮಗೆ ಅಪ್ಲೈ ಮಾಡೋಕೆ 4,000 ಕೆಲ್ಸ ಅಲ್ಲ. ಮನೆಗಳ ಮೇಲೆ ಡಿಮ್ಯಾಂಡ್ ಮಾತ್ರ ಪೂರ್ತಿ ಬಿತ್ತು. ಹೊಸ ಸುದ್ದಿ ಬಂದಾಗ ಮೂರು ಪ್ರಶ್ನೆ ಕೇಳ್ಕೊಳಿ: ಎಷ್ಟು ಜನ ಅಲ್ಲಿಂದ ಬರೋರು, ಎಷ್ಟು ಇಲ್ಲೇ ತಗೊಳೋದು, ಯಾವಾಗ. ಪಕ್ಕದೂರಿಂದ ಬರ್ತಿದ್ರೆ ಇಡೀ ಡಲ್ಲಾಸ್ ಏರಿಯಾಗೆ ಒಂದು ಕೆಲ್ಸಾನೂ ಹೊಸದಲ್ಲ, ಬರೀ ಟ್ರಾಫಿಕ್ ದಿಕ್ಕು ಬದಲಾಗತ್ತೆ ಅಷ್ಟೆ.

ಬಂದ ಕಂಪನಿ ಇರತ್ತೆ ಅಂತಾನೂ ಗ್ಯಾರಂಟಿ ಇಲ್ಲ. ಪ್ಲೇನೋದ ಲೆಗಸಿ ಬಿಸಿನೆಸ್ ಪಾರ್ಕ್ ಶುರು ಮಾಡಿದ್ದು ರಾಸ್ ಪೆರೋ ಅವರ ಇಡಿಎಸ್, ಅದನ್ನ 2008ರಲ್ಲಿ ಎಚ್‌ಪಿ ಕೊಂಡ್ಕೊಳ್ತು. ಜೆಸಿ ಪೆನ್ನಿ 80ರ ದಶಕದ ಕೊನೇಲಿ ನ್ಯೂಯಾರ್ಕ್‌ನಿಂದ ಬಂದಾಗ ಏನು ಸಂಭ್ರಮ ಅಂತೀರಾ, 2020ರ ಮೇನಲ್ಲಿ ದಿವಾಳಿ ಅರ್ಜಿ ಹಾಕ್ತು. ಹಾಗಂತ ಪ್ಲೇನೋ ಮುಳುಗಲಿಲ್ಲ, ಯಾಕಂದ್ರೆ ಒಂದೇ ಕಂಪನಿ ನೆಚ್ಕೊಂಡಿರಲಿಲ್ಲ, ಫೈನಾನ್ಸ್, ಟೆಲಿಕಾಂ, ಆಟೋ, ಫ್ರಿಟೋ ಲೇ ಥರ ತಿಂಡಿ ಕಂಪನಿ, ಹೀಗೆ ಬೇರೆ ಬೇರೆ ಕಸುಬು ಇದ್ವು. ಮೆಕಿನ್ನೀಲಿ ರೇಥಿಯಾನ್ ದೊಡ್ಡದು, ಅದು ಡಿಫೆನ್ಸ್, ಅಲ್ಲಿ ಎಷ್ಟೋ ಕೆಲ್ಸಕ್ಕೆ ಅಮೆರಿಕನ್ ಸಿಟಿಜನ್ ಆಗಿರಲೇಬೇಕು. ವೀಸಾ ಮೇಲಿರೋರು ಮೆಕಿನ್ನೀಲಿ ಕೆಲ್ಸ ಜಾಸ್ತಿ ಆಯ್ತು ಅಂತ ಓದಿದಾಗ ಇದನ್ನ ಕಳೆದು ಲೆಕ್ಕ ಹಾಕ್ಬೇಕು.

ವೀಸಾ ವಿಷಯ ಬಂತಲ್ಲ, ಎಲ್‌ಸಿಎ ಫೈಲ್‌ಗಳ ಬಗ್ಗೆ ಹೇಳ್ತೀನಿ. ಎಚ್‌1ಬಿಗೆ ಕಂಪನಿ ಲೇಬರ್ ಡಿಪಾರ್ಟ್‌ಮೆಂಟ್‌ಗೆ ಹಾಕೋ ಅರ್ಜಿಗಳೆಲ್ಲಾ ಕ್ವಾರ್ಟರ್‌ಗೊಂದ್ಸಲ ಎಕ್ಸೆಲ್‌ನಲ್ಲಿ ಪಬ್ಲಿಕ್ ಆಗತ್ತೆ. ಫೈಲ್ ದೊಡ್ಡದು, ಹಳೇ ಲ್ಯಾಪ್‌ಟಾಪ್ ಒದ್ದಾಡತ್ತೆ. ವರ್ಕ್‌ಸೈಟ್ ಕೌಂಟಿ ಅನ್ನೋ ಕಾಲಮ್‌ನಲ್ಲಿ ಕಾಲಿನ್ ಅಂತ ಫಿಲ್ಟರ್ ಹಾಕಿ, ನಿಮ್ಮ ಜಾಬ್ ಟೈಟಲ್ ಹಾಕಿ, ಸಂಬಳ ಮತ್ತೆ ವೇಜ್ ಲೆವೆಲ್ ನೋಡಿ. ಯಾವ ಕಂಪನಿ ನೇರವಾಗಿ ತಗೊಳತ್ತೆ, ಯಾವ ವೆಂಡರ್ ಜನಾನ ಯಾವ ಕ್ಲೈಂಟ್ ಜಾಗಕ್ಕೆ ಹಾಕತ್ತೆ ಅನ್ನೋದೂ ಕಾಣತ್ತೆ. ಆಫರ್ ನೆಗೋಷಿಯೇಟ್ ಮಾಡೋಕೆ ಇದಕ್ಕಿಂತ ಆಯುಧ ಬೇಕಾ? ಆದ್ರೆ ಒಂದು ಸಾಲು ಅಂದ್ರೆ ಒಬ್ಬ ಹೊಸ ಮನುಷ್ಯ ಅಂತಲ್ಲ, ಎಕ್ಸ್‌ಟೆನ್ಷನ್, ಅಮೆಂಡ್‌ಮೆಂಟ್ ಎಲ್ಲಾ ಸೇರಿರತ್ತೆ, ಬೋನಸ್ಸು ಸ್ಟಾಕು ಇರಲ್ಲ.

ಲೇಆಫ್ ನೋಡೋಕೆ ಟೆಕ್ಸಸ್ ವರ್ಕ್‌ಫೋರ್ಸ್ ಕಮಿಷನ್ ಹಾಕೋ ವಾರ್ನ್ ನೋಟಿಸ್ ಪಟ್ಟಿ ಇದೆ, ಕಂಪನಿ, ಊರು, ಕೌಂಟಿ, ಎಷ್ಟು ಜನ, ಯಾವ ತಾರೀಕು ಅಂತ ಇರತ್ತೆ. ಕಾನೂನು ಪ್ರಕಾರ 100 ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಕಂಪನಿ ದೊಡ್ಡ ಮಟ್ಟದಲ್ಲಿ ತೆಗೆಯೋಕೆ 60 ದಿನ ಮುಂಚೆ ತಿಳಿಸ್ಬೇಕು, ಆದ್ರೆ ಆ ದೊಡ್ಡ ಮಟ್ಟ ಅನ್ನೋದು ಒಂದೇ ಜಾಗದಲ್ಲಿ ಕನಿಷ್ಠ 50 ಜನ. ತಿಂಗಳಿಗೆ ಇಪ್ಪತ್ತು ಇಪ್ಪತ್ತು ಜನಾನ ಸದ್ದಿಲ್ದೆ ಕಳಿಸೋರು ಇಲ್ಲಿ ಸಾಮಾನ್ಯವಾಗಿ ಕಾಣಲ್ಲ. ಕಾಂಟ್ರಾಕ್ಟರ್‌ಗಳೂ ಅಷ್ಟೇ, ಬ್ಯಾಂಕ್‌ನೋರು ಒಂದು ಪ್ರಾಜೆಕ್ಟ್ ನಿಲ್ಲಿಸಿ ನಲವತ್ತು ಕನ್ಸಲ್ಟೆಂಟ್‌ಗಳನ್ನ ಶುಕ್ರವಾರ ಸಂಜೆ ಬಿಟ್ರೆ ಬ್ಯಾಂಕ್ ಲೆಕ್ಕದಲ್ಲಿ ಒಬ್ರೂ ಹೋಗಿಲ್ಲ, ಯಾಕಂದ್ರೆ ಅವ್ರು ಬ್ಯಾಂಕ್‌ನ ಎಂಪ್ಲಾಯಿಗಳೇ ಅಲ್ಲ. ಈ ಪಟ್ಟಿ ಖಾಲಿ ಇದ್ರೆ ನೆಮ್ಮದಿ ಪಡಬೇಡಿ, ತುಂಬಿದ್ರೆ ಮಾತ್ರ ಗಂಭೀರವಾಗಿ ತಗೊಳಿ.

ಇಷ್ಟು ನೋಡಿದ್ಮೇಲೆ ಊರಿನ ವಯಸ್ಸು ನೋಡ್ಬೇಕು. ಇದಕ್ಕೆ ಸ್ಕೂಲ್ ಡಿಸ್ಟ್ರಿಕ್ಟ್‌ಗಿಂತ (ಐಎಸ್‌ಡಿ, ಅಂದ್ರೆ ಆ ಕಡೆ ಸರ್ಕಾರಿ ಸ್ಕೂಲ್‌ಗಳನ್ನ ನಡೆಸೋ ಸಂಸ್ಥೆ) ಒಳ್ಳೆ ಅಳತೆ ಇಲ್ಲ. ಪ್ಲೇನೋ ಐಎಸ್‌ಡಿ ಒಂದು ಕಾಲಕ್ಕೆ ಎಲ್ಲರೂ ಮುಗಿಬೀಳ್ತಿದ್ದ ಡಿಸ್ಟ್ರಿಕ್ಟ್, 2024ರ ಜೂನ್‌ನಲ್ಲಿ ಬೋರ್ಡ್‌ನೋರು ನಾಲ್ಕು ಸ್ಕೂಲ್ ಮುಚ್ಚೋಕೆ ಓಟ್ ಹಾಕಿದ್ರು, ಮಕ್ಕಳು ಕಮ್ಮಿ ಆಗಿದಾರೆ ಅಂತ. ಫ್ರಿಸ್ಕೋ ಐಎಸ್‌ಡಿ ಕೂಡ ಒಂದು ಮಿಡಲ್ ಸ್ಕೂಲ್ ಮುಚ್ಚೋ ತೀರ್ಮಾನ ತಗೊಂಡಿದೆ. ಸ್ಕೂಲ್ ಕೆಟ್ಟಿದೆ ಅಂತಲ್ಲ, ಮನೆ ದುಬಾರಿ ಆಗಿ ಚಿಕ್ಕ ಮಕ್ಕಳಿರೋ ಸಂಸಾರಗಳು ಉತ್ತರಕ್ಕೆ ಪ್ರಾಸ್ಪರ್, ಸೆಲೈನಾ ಕಡೆ ಹೋದ್ವು, ಮಕ್ಕಳು ಬೆಳೆದು ಕಾಲೇಜಿಗೆ ಹೋದ ಅಪ್ಪ ಅಮ್ಮ ಹಳೇ ಮನೇಲೇ ಉಳಿದ್ರು. ವಿಚಿತ್ರ ನೋಡಿ, ಕೆಲ್ಸಗಳಿರೋದು ಪ್ಲೇನೋದಲ್ಲಿ, ಸ್ಕೂಲ್ ಮುಚ್ತಿರೋದೂ ಪ್ಲೇನೋದಲ್ಲೇ. ಇನ್ನೊಂದು ತುದೀಲಿ ಪ್ರಿನ್ಸ್‌ಟನ್, 2024ರ ಸೆಪ್ಟೆಂಬರ್‌ನಲ್ಲಿ ಹೊಸ ಮನೆ ಪ್ರಾಜೆಕ್ಟ್‌ಗಳಿಗೆ ಪರ್ಮಿಷನ್ ಕೊಡೋದನ್ನ ಸಿಟಿ ಕೌನ್ಸಿಲ್ ತಾತ್ಕಾಲಿಕವಾಗಿ ನಿಲ್ಲಿಸ್ತು, ನೀರು, ಚರಂಡಿ, ರಸ್ತೆ, ಪೊಲೀಸ್ ಯಾವುದೂ ಜನದ ಸ್ಪೀಡಿಗೆ ಸಾಲ್ತಿಲ್ಲ ಅಂತ. ಬೆಂಗಳೂರಿನ ಸರ್ಜಾಪುರ ರೋಡ್ ನೋಡಿದೋರಿಗೆ ಹೆಚ್ಚು ವಿವರಿಸೋದು ಬೇಡ, ವ್ಯತ್ಯಾಸ ಅಂದ್ರೆ ಇವ್ರು ನಿಲ್ಲಿಸಿದ್ರು.

ಕೊನೇದಾಗಿ ಮನೆ ಮೇಲಿನ ಪ್ರಾಪರ್ಟಿ ಟ್ಯಾಕ್ಸ್, ಯಾಕಂದ್ರೆ ಕ್ಯಾಲಿಫೋರ್ನಿಯಾದಿಂದ ಬರೋರು ಟೆಕ್ಸಸ್‌ನಲ್ಲಿ ಸ್ಟೇಟ್ ಇನ್‌ಕಮ್ ಟ್ಯಾಕ್ಸ್ ಇಲ್ಲ ಅನ್ನೋ ಖುಷೀಲಿ ಇದನ್ನ ಮರೀತಾರೆ. ಯಾವುದಾದ್ರೂ ಮನೆಯ ಟ್ಯಾಕ್ಸ್ ಬಿಲ್ ತೆಗೆದು ಸಾಲು ಸಾಲಾಗಿ ಓದಿ, ಟ್ಯಾಕ್ಸ್‌ಗೆ ಮನೆ ಬೆಲೆ ಕಟ್ಟೋ ಕಾಲಿನ್ ಅಪ್ರೈಸಲ್ ಡಿಸ್ಟ್ರಿಕ್ಟ್ ವೆಬ್‌ಸೈಟಲ್ಲಿ ಅಡ್ರೆಸ್ ಹಾಕಿದ್ರೆ ಆ ಮನೆಗೆ ಯಾರ್ಯಾರ ಟ್ಯಾಕ್ಸ್ ಬೀಳತ್ತೆ ಅಂತ ಬರತ್ತೆ. ಕೌಂಟಿದು ಮನೆ ಬೆಲೆಯ ಪ್ರತಿ 100 ಡಾಲರ್‌ಗೆ 15 ಸೆಂಟ್ ಆಸುಪಾಸು, ಏನೂ ಅಲ್ಲ. ಕಾಲಿನ್ ಕಾಲೇಜ್‌ದು ಅದಕ್ಕಿಂತ ಚಿಕ್ಕದು. ಆಮೇಲೆ ಸಿಟಿ. ದೊಡ್ಡ ಸಾಲು ಸ್ಕೂಲ್ ಡಿಸ್ಟ್ರಿಕ್ಟ್‌ದು. ಹೊಸ ಲೇಔಟ್ ಆದ್ರೆ ಕೆಳಗೆ ಮಡ್ ಅಥವಾ ಪಿಐಡಿ ಅಂತ ಇನ್ನೊಂದು ಸಾಲು ಇರಬಹುದು, ಲೇಔಟ್‌ಗೆ ನೀರು ಪೈಪು ರಸ್ತೆ ಹಾಕಿದ ಸಾಲ ತೀರಿಸೋಕೆ ಅಲ್ಲಿ ಇರೋರೇ ಕಟ್ಟೋದು. ಸಿಟಿ ಲಿಮಿಟ್ ಹೊರಗಿರೋ ಮಡ್ ಲೇಔಟ್ ಆದ್ರೆ ಸಿಟಿ ಸಾಲು ಇರದೇನೂ ಇರಬಹುದು, ಹಾಗಾಗಿ ಕೂಡಿಸಿ ನೋಡಿ. ಎಲ್ಲಾ ಸೇರಿ 2 ಪರ್ಸೆಂಟ್ ಅಂತ ಇಟ್ಕೊಂಡ್ರೆ 6 ಲಕ್ಷ ಡಾಲರ್ ಮನೆಗೆ ವರ್ಷಕ್ಕೆ 12,000, ತಿಂಗಳಿಗೆ 1,000, ಇದು ಲೋನ್ ಇಎಂಐ ಮೇಲೆ. ವಾಸದ ಮನೆಗೆ ಹೋಮ್‌ಸ್ಟೆಡ್ ಎಕ್ಸೆಂಪ್ಷನ್ ಹಾಕಿದ್ರೆ ಸ್ಕೂಲ್ ಟ್ಯಾಕ್ಸ್‌ಗೆ 1,40,000 ಡಾಲರ್ ಕಳೀತಾರೆ, ಮತ್ತೆ ಟ್ಯಾಕ್ಸ್ ಬೀಳೋ ಬೆಲೆ ವರ್ಷಕ್ಕೆ 10 ಪರ್ಸೆಂಟ್‌ಗಿಂತ ಜಾಸ್ತಿ ಏರೋ ಹಾಗಿಲ್ಲ. ಅರ್ಜಿ ನೀವೇ ಹಾಕ್ಬೇಕು, ಅದೂ ಫ್ರೀ, ಹಾಕಿಕೊಡ್ತೀವಿ ದುಡ್ಡು ಕೊಡಿ ಅಂತ ಬರೋ ಪತ್ರಗಳನ್ನ ಕಸಕ್ಕೆ ಹಾಕಿ.

ಹೊಚ್ಚ ಹೊಸ ಮನೆ ತಗೊಳೋರು ಇನ್ನೊಂದು ಕೇಳಿ. ಜನವರಿ 1ಕ್ಕೆ ಆ ಜಾಗ ಹೇಗಿತ್ತೋ ಅದ್ರ ಮೇಲೆ ಆ ವರ್ಷದ ಟ್ಯಾಕ್ಸ್, ಅವತ್ತು ಬರೀ ಖಾಲಿ ಸೈಟ್ ಇದ್ರೆ ಮೊದಲ ವರ್ಷದ ಬಿಲ್ ಸೈಟಿಗೆ ಮಾತ್ರ ಬರತ್ತೆ. ಲೆಂಡರ್ ಆ ಚಿಕ್ಕ ನಂಬರ್ ಮೇಲೆ ಎಸ್ಕ್ರೋ (ಟ್ಯಾಕ್ಸ್ ಕಟ್ಟೋಕೆ ಅಂತ ಕಂತಿನ ಜೊತೆ ತಿಂಗಳು ತಿಂಗಳು ತೆಗೆದಿಡೋ ದುಡ್ಡು) ಲೆಕ್ಕ ಹಾಕಿದ್ರೆ ಮುಂದಿನ ವರ್ಷ ಮನೆ ಸಮೇತ ಬಿಲ್ ಬಂದಾಗ ತಿಂಗಳ ಕಂತು ಧುತ್ತಂತ ನೂರಾರು ಡಾಲರ್ ಏರತ್ತೆ, ಹಳೇ ಬಾಕಿನೂ ಸೇರ್ಕೊಳತ್ತೆ. ಕ್ಲೋಸಿಂಗ್‌ಗೆ, ಅಂದ್ರೆ ಮನೆ ನಿಮ್ಮ ಹೆಸರಿಗೆ ಆಗೋಕೆ ಮುಂಚೆನೇ ಪೂರ್ತಿ ಮನೆ ಬೆಲೆ ಮೇಲೆ ಎಸ್ಕ್ರೋ ಹಾಕಿ ಅಂತ ಬರವಣಿಗೇಲಿ ಕೇಳಿ, ಅವ್ರು ಒಪ್ಪದಿದ್ರೆ ಆ ವ್ಯತ್ಯಾಸಾನ ನೀವೇ ತಿಂಗಳು ತಿಂಗಳು ಬೇರೆ ಅಕೌಂಟಲ್ಲಿ ಹಾಕ್ತಾ ಬನ್ನಿ. ಆಮೇಲೆ ಅಪ್ರೈಸಲ್ ನೋಟಿಸ್ ಏಪ್ರಿಲ್ ಹೊತ್ತಿಗೆ ಬರತ್ತೆ, ಬೆಲೆ ಜಾಸ್ತಿ ಹಾಕಿದಾರೆ ಅನ್ಸಿದ್ರೆ ಮೇ 15 ಅಥವಾ ನೋಟಿಸ್ ಕಳಿಸಿ 30 ದಿನ, ಯಾವುದು ಲೇಟೋ ಅಲ್ಲೀತನಕ ಪ್ರೊಟೆಸ್ಟ್ ಹಾಕಬಹುದು, ಆನ್‌ಲೈನಲ್ಲೇ ಆಗತ್ತೆ, ಪಕ್ಕದ ಬೀದೀಲಿ ಅದೇ ಫ್ಲೋರ್‌ಪ್ಲಾನ್ ಮನೆಗೆ ಎಷ್ಟು ಹಾಕಿದಾರೆ ಅನ್ನೋದನ್ನ ಪ್ರಿಂಟ್ ತೆಗೆದು ಜೊತೆಗಿಡಿ.